ಹೊಸ ಮಿನಿ ಟ್ರ್ಯಾಕ್ಟರ್ ಬೇಕೆಂಬ ಕಡತ

೧೯೯೪ರ ಅಕ್ಟೋಬರ್ ತಿಂಗಳು. ಆಗ ನಾನು ಹೈದರಾಬಾದಿನ ಅಂಚಿನಲ್ಲಿದ್ದ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ ಸೀನಿಯರ್ ಎಂಜಿನಿಯರ್ ಆಗಿದ್ದೆ. ನಿರ್ವಹಣಾ ವಿಭಾಗ ನನ್ನದು. ಕ್ರೇನು, ಪಂಪು, ಜನರೇಟರು, ಕಾಲೊನಿಯ ನೀರಿನ ಮೋಟಾರು, ಯಾವುದು ಕೆಟ್ಟರೂ ಮೊದಲು ಬೈಸಿಕೊಳ್ಳುವವಳು ನಾನು. ಊರು ರಾಯಚೂರು. ಓದಿದ್ದು ಮೆಕ್ಯಾನಿಕಲ್. ವಿಭಾಗದಲ್ಲಿ ನಾನೊಬ್ಬಳೇ ಹೆಂಗಸು. ಬಾಯಿ ಸ್ವಲ್ಪ ಜೋರು, ತಾಳ್ಮೆ ಕಡಿಮೆ ಎಂದು ಹೆಸರು ಬಂದಿತ್ತು. ಆ ಹೆಸರು ಸುಳ್ಳೇನಲ್ಲ.

ಆ ತಿಂಗಳ ಮೊದಲ ವಾರ ನನ್ನ ಮೇಜಿಗೆ ಒಂದು ಕಡತ ಬಂತು. ತೋಟಗಾರಿಕೆ ವಿಭಾಗಕ್ಕೆ ಹೊಸ ಮಿನಿ ಟ್ರ್ಯಾಕ್ಟರ್ ಬೇಕು ಎಂಬ ಕೋರಿಕೆ. ಕಾರ್ಖಾನೆಯ ಆವರಣ, ಕಾಲೊನಿ, ಶಾಲೆಯ ಮೈದಾನ ಎಲ್ಲ ಸೇರಿ ನಲವತ್ತು ಎಕರೆಗೂ ಹೆಚ್ಚು ಹುಲ್ಲು, ಗಿಡ, ನರ್ಸರಿ ಇತ್ತು. ಅಷ್ಟಕ್ಕೂ ಇದ್ದದ್ದು ಹದಿನೆಂಟು ಹಾರ್ಸ್‌ಪವರಿನ ಒಂದೇ ಪುಟ್ಟ ಟ್ರ್ಯಾಕ್ಟರ್. ದೊಡ್ಡ ಟ್ರ್ಯಾಕ್ಟರ್ ಗಿಡಗಳ ಸಾಲಿನ ನಡುವೆ ನುಗ್ಗುವುದಿಲ್ಲ, ಕ್ವಾರ್ಟರ್ಸುಗಳ ಹಿಂದಿನ ಓಣಿಯಲ್ಲಿ ತಿರುಗುವುದಿಲ್ಲ. ಹಾಗಾಗಿ ಎಂಟು ವರ್ಷದ ಹಿಂದೆ ಈ ಚಿಕ್ಕದನ್ನು ಕೊಂಡಿದ್ದರು. ಹುಲ್ಲು ಕತ್ತರಿಸುವುದು, ಟ್ರಾಲಿಯಲ್ಲಿ ಗೊಬ್ಬರ ಸಾಗಿಸುವುದು, ಸಣ್ಣ ನೀರಿನ ಟ್ಯಾಂಕರ್ ಎಳೆಯುವುದು ಅದರ ಕೆಲಸ.

ಕೋರಿಕೆ ಬರೆದವರು ತೋಟಗಾರಿಕೆ ಅಧಿಕಾರಿ ಖಾದರ್ ಸಾಹೇಬರು. ಗುಲಾಬಿಯ ಬಗ್ಗೆ ಕೇಳಿದರೆ ಅರ್ಧ ಗಂಟೆ ಮಾತಾಡುವ, ಯಂತ್ರದ ಬಗ್ಗೆ ಕೇಳಿದರೆ ಕೈ ಮುಗಿಯುವ ಮನುಷ್ಯ. ಅವರ ಪ್ರಕಾರ ಹಳೆಯ ಟ್ರ್ಯಾಕ್ಟರಿನ ಕಥೆ ಮುಗಿದಿತ್ತು. ಎಂಜಿನ್ ಕಪ್ಪು ಹೊಗೆ ಉಗುಳುತ್ತದೆ, ಎಳೆಯುವ ಶಕ್ತಿ ಇಲ್ಲ, ದಿನಕ್ಕೆ ಆರು ಲೀಟರ್ ಕುಡಿಯುತ್ತಿದ್ದದ್ದು ಈಗ ಹನ್ನೊಂದು ಕುಡಿಯುತ್ತದೆ. ದಿನಕ್ಕೆ ಎಂಟು ಗಂಟೆ ದುಡಿಸುತ್ತಿದ್ದೇವೆ, ಈ ಯಂತ್ರ ಇನ್ನು ತಾಳದು. ಹಳೆಯದನ್ನು ಕಂಡೆಮ್ ಮಾಡಿ, ಅಂದರೆ ನಿರುಪಯುಕ್ತವೆಂದು ಬರೆದು ಹರಾಜಿಗೆ ಹಾಕಿ, ಹೊಸದು ಕೊಡಿಸಬೇಕು.

ಇಂಥ ಕೋರಿಕೆಗೆ ಮೂವರ ಸಮಿತಿ ಕೂರುವುದು ನಮ್ಮಲ್ಲಿನ ಪದ್ಧತಿ. ಕೇಳಿದ ವಿಭಾಗದ ಪರವಾಗಿ ಖಾದರ್ ಸಾಹೇಬರು, ಲೆಕ್ಕಪತ್ರ ವಿಭಾಗದಿಂದ ಸುಬ್ಬಾರಾವ್ ಎಂಬವರು, ತಾಂತ್ರಿಕ ಸದಸ್ಯೆಯಾಗಿ ನಾನು. ನನ್ನ ಪಾಲಿಗೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯುವ ಕೆಲಸವಿತ್ತು. ಈ ಯಂತ್ರ ವರ್ಷಕ್ಕೆ ನಿಜವಾಗಿ ಎಷ್ಟು ಗಂಟೆ ಕೆಲಸ ಮಾಡುತ್ತದೆ? ಕೆಟ್ಟಿದ್ದರೆ ರಿಪೇರಿಗೆ ಬಗ್ಗುತ್ತದೆಯೇ? ಹೊಸದಿಲ್ಲದೆ ಕೆಲಸ ನಡೆಯುತ್ತದೆಯೇ? ಮೂರಕ್ಕೂ ಸರಿಯಾಗಿ ಉತ್ತರಿಸಿದರೆ ಟ್ರ್ಯಾಕ್ಟರ್ ಬೇಕೋ ಬೇಡವೋ ಎಂಬುದು ತಾನಾಗಿಯೇ ತಿಳಿಯುತ್ತದೆ ಎಂದು ನಾನು ನಂಬಿದ್ದೆ.

ಟ್ರ್ಯಾಕ್ಟರ್ ನೋಡಲು ನರ್ಸರಿಗೆ ಹೋದೆ. ಆಪರೇಟರ್ ಶರಣಪ್ಪನವರು ನನಗೆ ಗೊತ್ತಿದ್ದವರೇ. ಮಾನ್ವಿ ಕಡೆಯವರು, ಐವತ್ತು ದಾಟಿದವರು. ಲಿಂಗಂಪಲ್ಲಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದು ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದರು. ಕಾರ್ಖಾನೆಯಲ್ಲಿದ್ದ ನಾವು ಕನ್ನಡದವರು ಒಂದು ಸಂಘ ಕಟ್ಟಿಕೊಂಡಿದ್ದೆವು. ಅದಕ್ಕೆ ನಾನು ಕಾರ್ಯದರ್ಶಿ. ಶರಣಪ್ಪನವರು ಕುರ್ಚಿ ಹಾಕುವುದರಿಂದ ಹಿಡಿದು ಉಪ್ಪಿಟ್ಟಿನ ಪಾತ್ರೆ ಹೊರುವವರೆಗೆ ಎಲ್ಲಕ್ಕೂ ಮುಂದಾಗುತ್ತಿದ್ದವರು. ನಾನು ಹೋದಾಗ ಟ್ರ್ಯಾಕ್ಟರ್ ಬೇವಿನ ಮರದ ಹತ್ತಿರ ಗುಡುಗುಡು ಎನ್ನುತ್ತ ನಿಂತಿತ್ತು.

"ಚಾಲೂ ಐತ್ರಿ ಅಕ್ಕಾರ, ಹಿಂಗ ನೋಡಿಬಿಡ್ರಿ. ಬಂದ್ ಮಾಡೂದೇನೂ ಬ್ಯಾಡ್ರಿ!" ಎಂದು ಕೂಗಿದರು. ಎದುರಿಗೆ ನಿಂತವಳ ಜೊತೆ ಹೀಗೆ ಕಿರುಚಿ ಮಾತಾಡುತ್ತಾರಲ್ಲ ಎಂದು ನನಗೆ ಸ್ವಲ್ಪ ಸಿಟ್ಟೇ ಬಂತು.

ಹಾಗೇ ನೋಡಿದೆ. ಹೊಗೆ ಕಪ್ಪಗಿತ್ತು. ಸೈಲೆನ್ಸರ್ ಬಾಯಿಯಲ್ಲಿ ಎಣ್ಣೆಯಂಥ ಜಿಡ್ಡು ಸುರಿದು ಬಾನೆಟ್ಟಿನ ಮೇಲೆ ಗೆರೆ ಎಳೆದಿತ್ತು. ಟ್ರಾಲಿ ಎತ್ತಿಸಿದೆ, ಮುಂದೆ ಹಿಂದೆ ಓಡಿಸಿದೆ. ಗೇರು, ಬ್ರೇಕು, ಹೈಡ್ರಾಲಿಕ್ ಎಲ್ಲ ಸರಿಯಿದ್ದವು. ಎಂಜಿನ್ ಮಾತ್ರ ದಮ್ಮು ಹಿಡಿದವರ ಹಾಗೆ ಏದುಸಿರು ಬಿಡುತ್ತಿತ್ತು. ಎಂಟು ವರ್ಷಕ್ಕೆ ಇಷ್ಟು ಸೋಲಬಾರದಿತ್ತು. ಲಾಗ್ ಬುಕ್ ತೆಗೆದುಕೊಂಡು ಆಫೀಸಿಗೆ ಬಂದೆ.

ಆ ಪುಸ್ತಕದಲ್ಲಿ ಶರಣಪ್ಪನವರು ದಿನವೂ ಎರಡು ವಿಷಯ ಬರೆಯಬೇಕಿತ್ತು. ಎಂಜಿನ್ ಎಷ್ಟು ಹೊತ್ತಿಗೆ ಚಾಲೂ ಆಯಿತು, ಎಷ್ಟು ಹೊತ್ತಿಗೆ ಬಂದ್ ಆಯಿತು ಎಂಬುದು ಗಡಿಯಾರ ನೋಡಿ ಬರೆಯುವ ಲೆಕ್ಕ. ಇನ್ನೊಂದು, ಟ್ರ್ಯಾಕ್ಟರಿನಲ್ಲೇ ಇರುವ ಅವರ್ ಮೀಟರಿನ ಅಂಕಿ. ಕಳೆದ ಹನ್ನೊಂದು ತಿಂಗಳಲ್ಲಿ ಸುಮಾರು ಇನ್ನೂರ ನಲವತ್ತು ದಿನ ಟ್ರ್ಯಾಕ್ಟರ್ ಹೊರಬಂದಿತ್ತು. ಗಡಿಯಾರದ ಲೆಕ್ಕ ದಿನಕ್ಕೆ ಎಂಟು ಗಂಟೆ, ಒಟ್ಟು ಸಾವಿರದ ಒಂಬೈನೂರು ಗಂಟೆಗೂ ಮೇಲೆ. ಮೀಟರ್ ಏರಿದ್ದು ಎಂಟುನೂರ ನಲವತ್ತು ಮಾತ್ರ. ಅದಕ್ಕೂ ಹಿಂದಿನ ಪುಟಗಳಲ್ಲಿ ಎರಡೂ ಲೆಕ್ಕ ಹೆಚ್ಚು ಕಡಿಮೆ ಜೊತೆಜೊತೆಗೇ ನಡೆದಿದ್ದವು, ದಿನಕ್ಕೆ ಮೂರು ಮೂರೂವರೆ ಗಂಟೆ. ಹಿಂದಿನ ವರ್ಷ ನವೆಂಬರ್ ಮಧ್ಯದಿಂದ ಇದ್ದಕ್ಕಿದ್ದಂತೆ ಗಡಿಯಾರದ ಲೆಕ್ಕ ಎಂಟಕ್ಕೆ ಹಾರಿತ್ತು. ಡೀಸೆಲ್ಲೂ ಅಂದಿನಿಂದಲೇ ಹನ್ನೊಂದು ಲೀಟರಿಗೆ ಏರಿತ್ತು.

ಸುಬ್ಬಾರಾವ್ ಕನ್ನಡಕದ ಮೇಲಿನಿಂದ ಒಮ್ಮೆ ಆ ಪುಟ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಇಪ್ಪತ್ತೈದು ವರ್ಷ ಬರೀ ಅಂಕಿಗಳ ಜೊತೆ ಬಾಳಿದವರು. "ಡೀಸೆಲ್ ಅಮ್ಮುಕುಂಟುನ್ನಾಡು ಮೇಡಂ," ಎಂದರು. ಡೀಸೆಲ್ ಮಾರಿಕೊಳ್ಳುತ್ತಿದ್ದಾನೆ ಎಂದು. ಮೂರು ಗಂಟೆ ಓಡಿಸಿ ಎಂಟು ಗಂಟೆ ಬರೆಯುವುದು, ಹೆಚ್ಚಿಗೆ ಪಡೆದ ಐದು ಲೀಟರ್ ಗೇಟಿನಾಚೆ ದಾಟಿಸುವುದು.

ನನಗೂ ಹಾಗೇ ಅನ್ನಿಸಿತು. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ನಿಜ. ಅದಕ್ಕಿಂತ ಹೆಚ್ಚಿನ ನಾಚಿಕೆಯ ಸಂಗತಿ ಎಂದರೆ, ಆ ಮೀಟರ್ ಗಡಿಯಾರವಲ್ಲ ಎಂಬುದು ಎಂಜಿನಿಯರ್ ಆದ ನನಗೆ ಚೆನ್ನಾಗಿ ಗೊತ್ತಿತ್ತು. ಅದು ಎಂಜಿನ್ ತಿರುಗಿದ ಸುತ್ತುಗಳನ್ನು ಎಣಿಸಿ ಗಂಟೆಯಾಗಿ ತೋರಿಸುತ್ತದೆ. ಪೂರ್ತಿ ವೇಗದಲ್ಲಿ ಓಡಿದರೆ ಒಂದು ಗಂಟೆಗೆ ಒಂದು ಗಂಟೆ ಏರುತ್ತದೆ. ಕೆಲಸವಿಲ್ಲದೆ ಸುಮ್ಮನೆ ಗುಡುಗುಡು ಎನ್ನುತ್ತ ನಿಂತರೆ ಅದರ ಮೂರನೇ ಒಂದು ಭಾಗವೂ ಏರುವುದು ಕಷ್ಟ. ಇಷ್ಟು ಗೊತ್ತಿದ್ದೂ ನನಗೆ ಹೊಳೆಯಲಿಲ್ಲ. ದಿನಕ್ಕೆ ಐದಾರು ಗಂಟೆ ಎಂಜಿನ್ನನ್ನು ಸುಮ್ಮನೆ ತಿರುಗಿಸುತ್ತ ಯಾರು ಕೂರುತ್ತಾರೆ ಎಂಬುದೇ ನನ್ನ ತಲೆಯಲ್ಲಿತ್ತು.

ಸಿಟ್ಟಿನಲ್ಲಿ ಒಂದು ಪುಟದ ಟಿಪ್ಪಣಿ ಬರೆದೆ. ಲಾಗ್ ಬುಕ್ಕಿನ ದಾಖಲೆ ನಂಬಲರ್ಹವಲ್ಲ, ಇಂಧನ ದುರುಪಯೋಗದ ಅನುಮಾನವಿದೆ, ವಿಜಿಲೆನ್ಸ್ ವಿಚಾರಣೆಗೆ ಒಪ್ಪಿಸಬಹುದು. ಸಹಿ ಹಾಕಿ ಶುಕ್ರವಾರ ಸಂಜೆ ಸುಬ್ಬಾರಾವ್ ಕೈಗೆ ಕೊಟ್ಟೆ. ಸೋಮವಾರ ಅದು ಮೇಲಕ್ಕೆ ಹೋಗಬೇಕಿತ್ತು. ವಿಜಿಲೆನ್ಸ್ ಎಂದರೆ ನಮ್ಮಲ್ಲಿ ಹುಡುಗಾಟವಲ್ಲ. ಮೊದಲು ಅಮಾನತು, ಆಮೇಲೆ ವಿಚಾರಣೆ. ಆರೋಪ ಸಾಬೀತಾದರೆ ಶರಣಪ್ಪನವರ ಇಪ್ಪತ್ತಮೂರು ವರ್ಷದ ನೌಕರಿ ಹೋಗುತ್ತಿತ್ತು.

ಟಿಪ್ಪಣಿಗೆ ಒಂದು ಸಾಕ್ಷಿ ಇದ್ದರೆ ಗಟ್ಟಿಯಾಗುತ್ತದೆ ಎಂದು ನನಗನ್ನಿಸಿತು. ಶನಿವಾರ ಬೆಳಿಗ್ಗೆ, ಟ್ರ್ಯಾಕ್ಟರ್ ಶೆಡ್ಡಿನಿಂದ ಹೊರಬರುವ ಮೊದಲೇ ಹೋಗಿ ಡೀಸೆಲ್ ಟ್ಯಾಂಕಿಗೆ ಕಡ್ಡಿ ಇಳಿಸಿ ಅಳೆಯಬೇಕೆಂದು ಏಳು ಗಂಟೆಗೇ ನರ್ಸರಿ ಕಡೆ ನಡೆದೆ. ಕಳ್ಳನನ್ನು ಹಿಡಿಯಲು ಹೊರಟ ಹುಮ್ಮಸ್ಸು ನನಗೆ. ಕೈಯಲ್ಲಿ ಸ್ಟೀಲ್ ಸ್ಕೇಲು ಬೇರೆ.

ಶೆಡ್ಡಿನ ತಿರುವಿನಲ್ಲಿ ಕಂಡ ನೋಟಕ್ಕೆ ಅಲ್ಲೇ ನಿಂತೆ. ನರ್ಸರಿಯ ಆರು ಮಂದಿ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆ ತಗ್ಗಿಸಿ, ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತಿದ್ದರು. ಶರಣಪ್ಪನವರು ಸ್ಟೀರಿಂಗ್ ಹಿಡಿದು ಕೂತಿದ್ದರು. ಶೆಡ್ಡಿನಿಂದ ಐವತ್ತು ಹೆಜ್ಜೆ ದೂರದಲ್ಲಿ ನೀರಿನ ತೊಟ್ಟಿಯ ಕಡೆಗೆ ಒಂದು ಸಣ್ಣ ಇಳುಕಲು ಇತ್ತು. ಅಲ್ಲಿ ಮುಟ್ಟುತ್ತಲೇ ಗಾಡಿ ತಾನೇ ಉರುಳಿತು. ಶರಣಪ್ಪನವರು ಗೇರ್ ಹಾಕಿ ಕ್ಲಚ್ ಬಿಟ್ಟರು. ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಹೆಂಗಸರು ನಗುತ್ತ ಸೆರಗು ಬಿಡಿಸಿಕೊಳ್ಳುತ್ತಿದ್ದವರು, ನನ್ನನ್ನು ಕಂಡು ಗಪ್‌ಚುಪ್ ಆದರು.

ಇದು ಮಿನಿ ಟ್ರ್ಯಾಕ್ಟರ್ ಆದ್ದರಿಂದ ಹೀಗೆ ಸಾಧ್ಯವಾಯಿತು. ದೊಡ್ಡದಾಗಿದ್ದರೆ ಆರು ಜನರ ಕೈಗೆ ಅಲುಗುತ್ತಲೂ ಇರಲಿಲ್ಲ, ಈ ಗುಟ್ಟು ಒಂದು ವಾರವೂ ಉಳಿಯುತ್ತಿರಲಿಲ್ಲ.

ಶರಣಪ್ಪನವರು ತೊಟ್ಟಿ ಸುತ್ತಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದರು. ಎಂಜಿನ್ ಓಡುತ್ತಲೇ ಇತ್ತು.

"ಶರಣಪ್ಪಾರ, ಮೊದಲ ಅದನ್ನ ಬಂದ್ ಮಾಡ್ರಿ!" ಎಂದೆ.

ಅವರು ಕೈ ಮುಗಿದರು. "ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ರಿ ಅಕ್ಕಾರ. ಪಾಪ, ಇವರು ಈಗಷ್ಟ ನೂಕ್ಯಾರ. ಮತ್ತ ನೂಕ್ರಿ ಅನ್ನಾಕ ನನಗ ಬಾಯಿ ಬರಂಗಿಲ್ರಿ."

ಮುಂದಿನ ಬಾನೆಟ್ಟಿನೊಳಗೆ ಬ್ಯಾಟರಿ ಇಡುವ ತಗಡಿನ ಪೆಟ್ಟಿಗೆಯಿದೆ. ಮೊದಲ ದಿನ ನಾನು ಅದನ್ನು ತೆರೆದಿರಲೇ ಇಲ್ಲ. ಓಡುತ್ತಿರುವ ಗಾಡಿಯ ಬ್ಯಾಟರಿ ಯಾರು ನೋಡುತ್ತಾರೆ? ಈಗ ಹೋಗಿ ಮುಚ್ಚಳ ಎತ್ತಿದೆ. ಬ್ಯಾಟರಿ ಇರಲಿಲ್ಲ. ಆ ಜಾಗದಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಪಲ್ಯದ ಡಬ್ಬಿ, ಒಂದು ಈರುಳ್ಳಿ ಇದ್ದವು.

ಡೀಸೆಲ್ ಎಂಜಿನ್ನಿನ ಗುಣ ಓದುಗರಿಗೆ ಒಂದು ಮಾತಿನಲ್ಲಿ ಹೇಳಬೇಕು. ಅದಕ್ಕೆ ಬ್ಯಾಟರಿ ಬೇಕಾಗುವುದು ಹೊತ್ತಿಸಲು ಮಾತ್ರ. ಒಮ್ಮೆ ಹೊತ್ತಿಕೊಂಡರೆ ಡೀಸೆಲ್ ಇರುವ ತನಕ ತಾನೇ ಓಡುತ್ತದೆ. ಹಾಗಾಗಿ ಶರಣಪ್ಪನವರು ಬೆಳಿಗ್ಗೆ ನೂಕಿಸಿ ಚಾಲೂ ಮಾಡಿ, ಸಂಜೆ ಶೆಡ್ಡಿಗೆ ಸೇರಿಸುವ ತನಕ ಅದನ್ನು ಬಂದ್ ಮಾಡುತ್ತಲೇ ಇರಲಿಲ್ಲ. ಓಡಿದ್ದನ್ನು ಓಡಿದಂತೆಯೇ ಬರೆದಿದ್ದರು. ಎಂಟು ಗಂಟೆ ಎಂಬುದು ಅಕ್ಷರಶಃ ನಿಜ. ಮೀಟರೂ ನಿಜ ಹೇಳುತ್ತಿತ್ತು. ದಿನಕ್ಕೆ ಐದಾರು ಗಂಟೆ ಖಾಲಿ ತಿರುಗಿದ ಎಂಜಿನ್ನಿನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಮಸಿ ಕಟ್ಟಿತ್ತು, ಎಣ್ಣೆ ತೆಳ್ಳಗಾಗಿತ್ತು, ಅದಕ್ಕೇ ಆ ಕಪ್ಪು ಹೊಗೆ, ಆ ಏದುಸಿರು. ಸುಳ್ಳು ಹೇಳಿದ್ದು ನನ್ನ ಟಿಪ್ಪಣಿ ಒಂದೇ.

"ಮಧ್ಯಾಹ್ನ ಊಟಕ್ಕ?" ಎಂದು ಕೇಳಿದೆ.

"ಇಲ್ಲೇ ಬಾಜೂಕ ಕುಂತು ಉಣ್ತೀನ್ರಿ. ಬಿಟ್ಟು ಕ್ಯಾಂಟೀನಿಗೆ ಹೋದ್ರ ಯಾರರ ಹುಡುಗರು ಬಂದು ಬಂದ್ ಮಾಡಿಬಿಟ್ರ?"

ಹನ್ನೊಂದು ತಿಂಗಳು ಹೀಗೇ ನಡೆದಿತ್ತು. ಮಧ್ಯಾಹ್ನ ಎಲ್ಲರೂ ನೆರಳಲ್ಲಿ ಕೂತು ಹರಟುವ ಹೊತ್ತಿಗೆ ಈ ಮನುಷ್ಯ ಗುಡುಗುಡು ಎನ್ನುವ ಎಂಜಿನ್ನಿನ ಮಗ್ಗುಲಲ್ಲಿ ಒಬ್ಬನೇ ರೊಟ್ಟಿ ತಿನ್ನುತ್ತಿದ್ದ. ಕಿರುಚಿ ಮಾತಾಡುವುದು ಯಾಕೆಂದು ಆಗ ನನಗೆ ತಿಳಿಯಿತು.

ಬ್ಯಾಟರಿ ಎಲ್ಲಿ ಎಂದು ಕೇಳಿದೆ. ಕಳೆದುಹೋಯಿತು, ತಪ್ಪು ತನ್ನದೇ ಎಂದರು. ಎಲ್ಲಿ ಕಳೆಯಿತು, ಹೇಗೆ ಕಳೆಯಿತು ಎಂದರೆ ಬಾಯಿ ಬಿಡಲಿಲ್ಲ. ನೆಲ ನೋಡುತ್ತ ನಿಂತರು. ಹೊಸ ಬ್ಯಾಟರಿ ಯಾಕೆ ಪಡೆಯಲಿಲ್ಲ ಎಂದರೆ ಅದಕ್ಕೆ ಮಾತ್ರ ಉತ್ತರ ಬಂತು. ನಮ್ಮ ಸ್ಟೋರಿನಲ್ಲಿ ಹಳೆಯದನ್ನು ತಂದು ಒಪ್ಪಿಸಿದರೆ ಮಾತ್ರ ಹೊಸದು. ಪೊರಕೆ, ಬಲ್ಬಿನಿಂದ ಹಿಡಿದು ಬ್ಯಾಟರಿಯವರೆಗೆ ಇದೇ ಕಾನೂನು. ಹಳೆಯದೇ ಇಲ್ಲವೆಂದರೆ ಕಳೆದದ್ದಕ್ಕೆ ಹೇಳಿಕೆ ಬರೆಯಬೇಕು. ಯಾವಾಗ ಹೋಯಿತು, ಯಾರು ಒಯ್ದರು, ಯಾರ ಮಾತಿನ ಮೇಲೆ ಒಯ್ದರು, ಎಲ್ಲ.

"ಬರಕೊಡಬೇಕಿತ್ತಲ್ಲ! ಇದರಾಗ ಮುಚ್ಚಿಡೂದೇನೈತಿ?" ಎಂದು ರೇಗಿದೆ.

ಹಿಂದೆ ನಿಂತಿದ್ದ ನರ್ಸರಿಯ ಹಿರಿಯಳು ಎಲ್ಲಮ್ಮನಿಗೆ ತಡೆಯಲಾಗಲಿಲ್ಲ. ಅವಳದು ತೆಲುಗು. "ಮೀ ಫಂಕ್ಷನ್‌ಕೇ ಇಚ್ಚಿಂಡು ಮೇಡಂ," ಎಂದಳು. ನಿಮ್ಮ ಫಂಕ್ಷನ್ನಿಗೇ ಕೊಟ್ಟ.

ಅಷ್ಟು ಸಾಕಾಯಿತು. ಹಿಂದಿನ ವರ್ಷದ ನವೆಂಬರ್, ಎರಡನೇ ಭಾನುವಾರ, ಶಾಲೆಯ ಮೈದಾನದಲ್ಲಿ ನಮ್ಮ ಸಂಘದ ರಾಜ್ಯೋತ್ಸವ. ಸಂಜೆ ಆರಕ್ಕೆ ನಾಡಗೀತೆಗೆ ಮಕ್ಕಳು ಸಾಲಾಗಿ ನಿಂತಾಗ ಕರೆಂಟ್ ಹೋಯಿತು. ಬಾಡಿಗೆಗೆ ಕರೆಸಿದ ಮೈಕ್‌ಸೆಟ್ಟಿನವನ ಬ್ಯಾಟರಿಯೂ ಇಳಿದುಹೋಗಿತ್ತು. ಇನ್ನೂರು ಜನ ಕೂತಿದ್ದರು. ಮುಖ್ಯ ಅತಿಥಿಗಳು ಗಡಿಯಾರ ನೋಡುತ್ತಿದ್ದರು. ನಾನು ವೇದಿಕೆಯ ಪಕ್ಕದಲ್ಲಿ ನಿಂತು ಎದುರಿಗೆ ಸಿಕ್ಕ ಶರಣಪ್ಪನವರ ಮೇಲೆ ಹರಿಹಾಯ್ದಿದ್ದೆ. "ಏನಾರ ಮಾಡ್ರಿ ಶರಣಪ್ಪಾರ, ಎಲ್ಲಿಂದರ ತರ್ರಿ, ನನ್ನ ಮಾನ ಹೋಗಾಕತ್ತೈತಿ!" ಹತ್ತು ಹದಿನೈದು ನಿಮಿಷದಲ್ಲಿ ಮೈಕು ಹಲೋ ಎಂದಿತ್ತು. ಎಲ್ಲಿಂದ ತಂದಿರಿ ಎಂದು ನಾನು ಕೇಳಿರಲಿಲ್ಲ. ಆ ಸಂಜೆ ವಂದನಾರ್ಪಣೆ ಮಾಡಿದ್ದೂ ನಾನೇ. ಅತಿಥಿಗಳಿಗೆ, ಅಡುಗೆಯವರಿಗೆ, ಶಾಮಿಯಾನದವರಿಗೆ, ಆ ಮೈಕ್‌ಸೆಟ್ಟಿನವನಿಗೆ ಕೂಡ ಹೆಸರು ಹಿಡಿದು ವಂದನೆ ಹೇಳಿದ್ದೆ. ಶರಣಪ್ಪನವರ ಹೆಸರು ಹೇಳಿರಲಿಲ್ಲ.

ಉಳಿದದ್ದನ್ನು ಶರಣಪ್ಪನವರೇ ಹೇಳಿದರು. ಕಾರ್ಯಕ್ರಮ ಮುಗಿದ ಗಡಿಬಿಡಿಯಲ್ಲಿ ಮೈಕ್‌ಸೆಟ್ಟಿನವನು ತನ್ನ ಸಾಮಾನಿನ ಜೊತೆ ಟ್ರ್ಯಾಕ್ಟರಿನ ಬ್ಯಾಟರಿಯನ್ನೂ ಆಟೋಕ್ಕೆ ಹೇರಿಕೊಂಡು ಹೋಗಿದ್ದ. ಅವನ ಅಂಗಡಿ ಅಮೀರ್‌ಪೇಟ್ ಕಡೆಯ ಒಂದು ಸಂದಿಯಲ್ಲಿತ್ತು. ಶರಣಪ್ಪನವರು ವಾರದ ರಜೆಯಲ್ಲಿ ಬಸ್ಸು ಬದಲಿಸಿಕೊಂಡು ಮೂರು ಸಲ ಹೋಗಿದ್ದರು. ಬ್ಯಾಟರಿಯನ್ನು ತಾನು ಒಯ್ದೇ ಇಲ್ಲ ಎಂದು ಅವನು ಕೈ ತಿರುವಿದ್ದ. ಮೂರನೇ ಸಲ ಹೋದಾಗ ಅಂಗಡಿಯೇ ಖಾಲಿಯಾಗಿತ್ತು.

"ನನಗ ಯಾಕ ಹೇಳಲಿಲ್ರಿ?" ಎಂದು ಕೇಳಿದಾಗ ನನ್ನ ದನಿ ಇಳಿದಿತ್ತು. ಎಂಜಿನ್ ಸದ್ದಿನಲ್ಲಿ ಅವರಿಗೆ ಕೇಳಲಿಲ್ಲ. ಇನ್ನೊಮ್ಮೆ ಕೂಗಿ ಕೇಳಬೇಕಾಯಿತು.

"ಹೇಳಿದ್ರ ಕಾಗದದಾಗ ನಿಮ್ಮ ಹೆಸರು ಬರ್ತಿತ್ರಿ ಅಕ್ಕಾರ. ನಿಮಗ ಪ್ರಮೋಷನ್ ಬರೂ ಹೊತ್ತು ಅಂತ ಎಲ್ಲಾರೂ ಮಾತಾಡಾಕತ್ತಿದ್ರು. ನಮ್ಮ ಕಡಿ ಹೆಣಮಗಳು ಒಬ್ಬಾಕಿ ದೊಡ್ಡ ಸಾಹೇಬ್ರು ಆಗೂದು ನನ್ನ ಸಂಬಂಧ ತಪ್ಪಬಾರದು ಅನಕೊಂಡೆ. ಆಮ್ಯಾಲೆ ಖಾದರ್ ಸಾಹೇಬ್ರು ಹೊಸಾ ಗಾಡಿ ಕೇಳಾಕತ್ತಾರ ಅಂತ ತಿಳೀತು. ಹೊಸಾ ಗಾಡಿ ಬಂದ್ರ ಹೊಸಾ ಬ್ಯಾಟರಿ ಅದರ ಕೂಡನ ಬರ್ತೈತಿ. ಹಳೇದು ಹರಾಜಿಗೆ ಹೋಗ್ತೈತಿ. ಯಾರ ಹೆಸರೂ ಬರಂಗಿಲ್ಲ, ಅಲ್ಲೀಮಟ ಹೆಂಗಾರ ನಡಸೂಣು ಅಂತ ನಡಸಾಕತ್ತಿದ್ದೆ."

ಒಂದು ಬ್ಯಾಟರಿ ಸಿಗಬೇಕೆಂದು ಒಂದಿಡೀ ಟ್ರ್ಯಾಕ್ಟರಿಗೆ ಕಾಯುತ್ತಿದ್ದರು. ಬೇರೆ ಹೊತ್ತಾಗಿದ್ದರೆ ನಗುತ್ತಿದ್ದೆ. ಅಂದು ಕಣ್ಣು ತುಂಬಿ ಬಂತು. ಸ್ಟೀಲ್ ಸ್ಕೇಲನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಮನೆಗೆ ಹೋದೆ.

ಶನಿವಾರ, ಭಾನುವಾರ ಎರಡು ದಿನ ನಾನು ಮನೆಯಲ್ಲಿ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ದಾರಿ ಕಾಣದೆ ಅಲ್ಲ, ಎರಡು ದಾರಿ ಕಂಡದ್ದರಿಂದ. ಸುಲಭದ ದಾರಿಯೊಂದಿತ್ತು. ಮೂರು ಪ್ರಶ್ನೆಗಳ ಮುಂದೆ ಖಾದರ್ ಸಾಹೇಬರು ಹೇಳಿದ್ದನ್ನೇ ಬರೆದು, ಹೊಸ ಟ್ರ್ಯಾಕ್ಟರ್ ಅವಶ್ಯ ಎಂದು ಸಹಿ ಹಾಕುವುದು. ಖಾದರ್ ಸಾಹೇಬರಿಗೆ ಖುಷಿ. ಶರಣಪ್ಪನವರು ನೆರಳಲ್ಲಿ ಕೂತು ಉಣ್ಣುತ್ತಾರೆ. ನನ್ನ ಹೆಸರು ಎಲ್ಲೂ ಬರುವುದಿಲ್ಲ. ಆ ಡಿಸೆಂಬರಿನಲ್ಲಿ ಡೆಪ್ಯುಟಿ ಮ್ಯಾನೇಜರ್ ಹುದ್ದೆಯ ಸಂದರ್ಶನವಿತ್ತು, ಮತ್ತು ಆ ಹುದ್ದೆ ನನಗೆ ಬಹಳ ಬೇಕಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಆದರೆ ಆ ದಾರಿಯಲ್ಲಿ ಒಂದು ಕಂದಕವಿತ್ತು. ಹಳೆಯ ಗಾಡಿ ಹರಾಜಿಗೆ ಹೋಗುವ ಮೊದಲು ಅದರ ಲಾಗ್ ಬುಕ್ಕನ್ನು ಇನ್ನೊಂದು ಮಂಡಳಿ ನೋಡುತ್ತದೆ. ಗಡಿಯಾರದ ಸಾವಿರದ ಒಂಬೈನೂರು, ಮೀಟರಿನ ಎಂಟುನೂರ ನಲವತ್ತು ಎರಡೂ ಅಲ್ಲೇ ಇರುತ್ತವೆ. ಸುಬ್ಬಾರಾವ್ ಈಗಾಗಲೇ ನೋಡಿಯಾಗಿತ್ತು. ನಾನು ಟಿಪ್ಪಣಿ ಹಿಂದಕ್ಕೆ ಪಡೆದರೂ ಆ ವ್ಯತ್ಯಾಸಕ್ಕೆ ಯಾರಾದರೂ ಒಂದು ದಿನ ಉತ್ತರ ಕೇಳುತ್ತಾರೆ, ಕೇಳುವುದು ಶರಣಪ್ಪನವರನ್ನೇ. ಆಗಲೂ ಅವರು ನೆಲ ನೋಡುತ್ತ ನಿಲ್ಲುತ್ತಾರೆಂದು ನನಗೆ ಗೊತ್ತಿತ್ತು. ಎಂಜಿನ್ ಯಾಕೆ ಖಾಲಿ ಓಡಿತು ಎಂಬುದನ್ನು ಬರೆಯದೆ ಅವರನ್ನು ಉಳಿಸಲು ಸಾಧ್ಯವಿರಲಿಲ್ಲ. ಅದನ್ನು ಬರೆದ ಮೇಲೆ ಹೊಸ ಟ್ರ್ಯಾಕ್ಟರ್ ಬೇಕು ಎಂದು ಬರೆಯಲು ಬರುವುದಿಲ್ಲ.

ಸೋಮವಾರ ಬೆಳಿಗ್ಗೆ ಸುಬ್ಬಾರಾವ್ ಮುಂದೆ ಹೋಗಿ ನನ್ನ ಟಿಪ್ಪಣಿ ವಾಪಸ್ ಕೇಳಿದೆ. ಯಾಕೆಂದು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನನ್ನ ಸರ್ವಿಸಿನಲ್ಲಿ ತನ್ನ ಹೆಸರನ್ನು ತಾನೇ ತಂದು ಕೊಟ್ಟವರನ್ನು ಈವತ್ತೇ ನೋಡಿದ್ದು ಮೇಡಂ," ಎಂದು ತೆಲುಗಿನಲ್ಲಿ ಹೇಳಿ ಕಾಗದ ಕೈಗಿಟ್ಟರು. ಆಮೇಲೆ ಡೀಸೆಲ್ಲಿನ ಲೆಕ್ಕಕ್ಕೆ ಅವರೇ ಕೂತರು. ಖಾಲಿ ಓಡುವ ಎಂಜಿನ್ ಗಂಟೆಗೆ ಎಷ್ಟು ಕುಡಿಯುತ್ತದೆ ಎಂದು ಅಳೆಯಲು ಹೇಳಿದರು. ನರ್ಸರಿಯಲ್ಲಿ ಒಂದು ಗಂಟೆ ನಿಂತು ಅಳೆದೆವು. ಮುಕ್ಕಾಲು ಲೀಟರಿಗಿಂತ ಚೂರು ಹೆಚ್ಚು. ಆರು ಗಂಟೆಗೆ ಐದು ಲೀಟರ್ ಹತ್ತಿರ. ಹೆಚ್ಚುವರಿ ಡೀಸೆಲ್ಲಿನ ಕೊನೆಯ ಲೀಟರಿನವರೆಗೆ ಲೆಕ್ಕ ಸಿಕ್ಕಿತು. ಸುಬ್ಬಾರಾವ್ ಆ ಹಾಳೆಯ ಕೆಳಗೆ ತಾವೂ ಸಹಿ ಹಾಕಿದರು.

ನನ್ನ ಹೊಸ ವರದಿ ಒಂದೂವರೆ ಪುಟ. ಟ್ರ್ಯಾಕ್ಟರಿಗೆ ದಿನಕ್ಕೆ ನಿಜವಾಗಿ ಇರುವ ಕೆಲಸ ಎರಡರಿಂದ ಮೂರು ಗಂಟೆ. ಇದಕ್ಕೆ ಈಗಿರುವ ಮಿನಿ ಟ್ರ್ಯಾಕ್ಟರೇ ಧಾರಾಳ, ಹೊಸದು ಬೇಕಿಲ್ಲ. ಎಂಜಿನ್ ಸವೆದಿಲ್ಲ, ಮಸಿ ಕಟ್ಟಿದೆ. ಎಣ್ಣೆ, ಫಿಲ್ಟರ್ ಬದಲಿಸಿ, ಇಂಜೆಕ್ಟರ್ ಬಿಚ್ಚಿ ಶುದ್ಧ ಮಾಡಿದರೆ ಸುಧಾರಿಸುತ್ತದೆ. ಬೇಕಾಗಿರುವುದು ಒಂದು ಬ್ಯಾಟರಿ. ಕೊನೆಯ ಪ್ಯಾರಾ ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಬ್ಯಾಟರಿಯನ್ನು ಒಯ್ದದ್ದು ನನ್ನ ಮಾತಿನ ಮೇಲೆ, ಖಾಸಗಿ ಸಂಘದ ಕಾರ್ಯಕ್ರಮಕ್ಕೆ. ಮರಳಿ ಬಂದಿತೇ ಎಂದು ನೋಡಿಕೊಳ್ಳದ ಹೊಣೆ ನನ್ನದು.

ಖಾದರ್ ಸಾಹೇಬರು ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. ನಾಲ್ಕನೇ ದಿನ ಒಂದು ಕುಂಡ ಗುಲಾಬಿ ಕಳಿಸಿದರು. ಜನರಲ್ ಮ್ಯಾನೇಜರ್ ನನ್ನನ್ನು ಕರೆಸಿ ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಒಂದು ಬ್ಯಾಟರಿಗೋಸ್ಕರ ತಮ್ಮ ಕೈಯಿಂದ ಟ್ರ್ಯಾಕ್ಟರನ್ನೇ ಮಂಜೂರು ಮಾಡಿಸುವವರಿದ್ದಿರಾ ಎಂದು ಕೇಳಿದರು. ನಕ್ಕರೋ ಬೈದರೋ ಈಗಲೂ ತಿಳಿಯದು. ಶರಣಪ್ಪನವರಿಗೆ ಬಾಯಿಮಾತಿನ ಎಚ್ಚರಿಕೆ ಸಾಕೆಂದರು. ನನಗೆ ಲಿಖಿತ ಎಚ್ಚರಿಕೆ ಬಂತು. ಬ್ಯಾಟರಿಯ ಬೆಲೆ ಸಂಬಳದಲ್ಲಿ ಮುರಿದುಕೊಂಡರು. ಆ ಪತ್ರ ಫೈಲಿನಲ್ಲಿದ್ದ ಕಾರಣ ಡಿಸೆಂಬರಿನ ಸಂದರ್ಶನದ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ನೋವಾಯಿತು, ಬಹಳವೇ ನೋವಾಯಿತು. ಹುದ್ದೆ ಮರುವರ್ಷ ಸಿಕ್ಕಿತು.

ಹೊಸ ಬ್ಯಾಟರಿ ಕೂರಿಸಿದ ದಿನ ನಾನೂ ನರ್ಸರಿಗೆ ಹೋಗಿದ್ದೆ. ಎಂಜಿನ್ ಕೆಲಸವೂ ಮುಗಿದಿತ್ತು. ಶರಣಪ್ಪನವರು ಚಾವಿ ತಿರುಗಿಸಿದರು, ಗಾಡಿ ಒಂದೇ ಏಟಿಗೆ ಹತ್ತಿಕೊಂಡಿತು. ಬಂದ್ ಮಾಡಿದರು. ಮತ್ತೆ ಚಾಲೂ ಮಾಡಿದರು. ಮತ್ತೆ ಬಂದ್. ಐದಾರು ಸಲ ಹೀಗೇ ನಡೆದಾಗ ಎಲ್ಲಮ್ಮ ಮತ್ತು ಅವಳ ಜೊತೆಯವರು ಬಿದ್ದು ಬಿದ್ದು ನಕ್ಕರು. ಹನ್ನೆರಡೂವರೆಗೆ ಊಟದ ಸೈರನ್ ಆಯಿತು. ಅವರು ಕೊನೆಯ ಸಲ ಬಂದ್ ಮಾಡಿ ಕೆಳಗಿಳಿದು, ಅಭ್ಯಾಸದಂತೆ ಬಾನೆಟ್ ಎತ್ತಿದರು. ಅಲ್ಲಿ ಬ್ಯಾಟರಿ ಕೂತಿತ್ತು. ರೊಟ್ಟಿಯ ಗಂಟು ಬೆಳಿಗ್ಗೆಯೇ ಸೀಟಿನ ಕೆಳಗೆ ಇಟ್ಟದ್ದು ನೆನಪಾಗಿ ತೆಗೆದುಕೊಂಡರು. ಎಲ್ಲಿ ಕೂರಬೇಕೆಂದು ತಿಳಿಯದವರಂತೆ ಗಂಟು ಹಿಡಿದುಕೊಂಡು ಒಂದು ಗಳಿಗೆ ಸುಮ್ಮನೆ ನಿಂತರು. ಬೇವಿನ ಕೆಳಗಿನಿಂದ ಎಲ್ಲಮ್ಮ ಕರೆದಳು. ಹೋಗಿ ಅವರ ನಡುವೆ ಕೂತರು.

"ಅಕ್ಕಾರ, ನೀವೂ ಬರ್ರಿ, ರೊಟ್ಟಿ ಅದಾವು," ಎಂದು ಕೂಗಿದರು. ಎಂಜಿನ್ ನಿಂತಿದ್ದರೂ ಕೂಗಿಯೇ ಕರೆದರು. ಹೋಗಿ ಕೂತೆ.

ಆ ಟ್ರ್ಯಾಕ್ಟರ್ ಮತ್ತೆ ಒಂಬತ್ತು ವರ್ಷ ಓಡಿತು. ಶರಣಪ್ಪನವರು ಅದಕ್ಕಿಂತ ಮೊದಲೇ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಸಂಘದ ಮೈಕಿನಲ್ಲಿ ಅವರ ಹೆಸರನ್ನು ಮೊದಲು ಹೇಳಿದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಅವರು ನಾಚಿ ತಲೆ ತಗ್ಗಿಸಿದರು.

ನಾನೂ ನಿವೃತ್ತಳಾಗಿ ಈಗ ಹೈದರಾಬಾದಿನ ತಾರ್ನಾಕದಲ್ಲಿದ್ದೇನೆ. ಆಮೇಲಿನ ವರ್ಷಗಳಲ್ಲಿ ಹೊಸ ಯಂತ್ರ ಬೇಕೆಂಬ ಕಡತಗಳು ನನ್ನ ಮುಂದೆ ಎಷ್ಟೋ ಬಂದವು, ಕ್ರೇನು, ಕಂಪ್ರೆಸರು, ಆಂಬ್ಯುಲೆನ್ಸು. ಕೆಲವಕ್ಕೆ ಹೌದೆಂದೆ, ಕೆಲವಕ್ಕೆ ಬೇಡವೆಂದೆ. ಆದರೆ ಲಾಗ್ ಬುಕ್ ತೆರೆಯುವ ಮೊದಲು ಆ ಯಂತ್ರ ನಡೆಸುವವರ ಹತ್ತಿರ ಹೋಗಿ, ಒಮ್ಮೆ ಬಂದ್ ಮಾಡಿ ಮತ್ತೆ ಚಾಲೂ ಮಾಡಿ ಎಂದು ಕೇಳುವುದನ್ನು ಒಂದು ಸಲವೂ ತಪ್ಪಿಸಲಿಲ್ಲ. ಕೇಳಿದ ಮೇಲೆ ಅವರ ಮುಖ ನೋಡುತ್ತಿದ್ದೆ. ನೌಕರಿ ನನಗೆ ಕಲಿಸಿದ್ದು ಇಷ್ಟನ್ನೇ, ಅದೂ ತಡವಾಗಿ. ಆ ಹನ್ನೊಂದು ತಿಂಗಳೂ ನಾನು ಮಧ್ಯಾಹ್ನದ ಊಟಕ್ಕೆ ಕ್ವಾರ್ಟರ್ಸಿಗೆ ಹೋಗುತ್ತಿದ್ದದ್ದು ಆ ನರ್ಸರಿಯ ಮಗ್ಗುಲಿನ ದಾರಿಯಲ್ಲೇ. ಬೇಲಿಯಾಚೆ ಎಂಜಿನ್ ಸದ್ದು ದಿನವೂ ಕೇಳುತ್ತಿತ್ತು. ಊಟದ ಹೊತ್ತಿನಲ್ಲೂ ಶರಣಪ್ಪನವರು ಎಷ್ಟು ದುಡಿಯುತ್ತಾರಲ್ಲ ಎಂದುಕೊಂಡು, ಬಿಸಿಲಿಗೆ ಛತ್ರಿ ಓರೆ ಮಾಡಿ ಮನೆಗೆ ನಡೆಯುತ್ತಿದ್ದೆ.